‘ಶೇಷ’ ಶಬ್ದ ವಿಚಾರ

ಅನ್ನ ಉಳಿಯಿತು, ಹಣ ಉಳಿಯಿತು, ಮಾನ ಉಳಿಯಿತು, ಸಾಲ ಉಳಿಯಿತು, ಮನೆಯಲ್ಲಿ ಅಜ್ಜಿಯೊಬ್ಬಳೇ ಉಳಿದಳು – ಈ ಐದು ವಾಕ್ಯಗಳಲ್ಲಿಯೂ ಕ್ರಿಯಾಪದವು ಒಂದೇ. ಆದರೆ ಅನ್ನದ ವಿಷಯದಲ್ಲಿ ಅದು ಹೆಚ್ಚಳ, ಹಣದ ವಿಷಯದಲ್ಲಿ ಲಾಭ, ಮಾನದ ವಿಷಯದಲ್ಲಿ ರಕ್ಷಣೆ, ಸಾಲದ ವಿಷಯದಲ್ಲಿ ಭಾರ. ಕಡೆಯ ವಾಕ್ಯದಲ್ಲಿ ಮಾತ್ರ ದುಃಖ. ಒಂದೇ ಶಬ್ದವು ಇಷ್ಟು ಅರ್ಥಗಳನ್ನು ಹೊರುವುದೇಕೆ ಎಂಬುದನ್ನು ಈ ಪಾಠದಲ್ಲಿ ಸ್ವಲ್ಪ ವಿಚಾರಮಾಡೋಣ.

ಮೊದಲು ಕನ್ನಡವನ್ನೇ ನೋಡೋಣ. ‘ಮಿಗು’ ಎಂಬ ಧಾತುವಿನಿಂದ ‘ಮಿಕ್ಕದ್ದು’ ಎಂಬ ಪದವೂ ಬಂದಿದೆ, ‘ಮಿಗಿಲು’ ಎಂಬ ಪದವೂ ಬಂದಿದೆ. ಒಂದು ಬಳಸಿ ಉಳಿದದ್ದನ್ನು ಹೇಳಿದರೆ, ಇನ್ನೊಂದು ಎಲ್ಲಕ್ಕಿಂತ ಶ್ರೇಷ್ಠವಾದುದನ್ನು ಹೇಳುತ್ತದೆ. ಲೆಕ್ಕದ ಪುಸ್ತಕದಲ್ಲಿ ಕೈಯಲ್ಲಿ ಉಳಿದದ್ದು ‘ಶಿಲ್ಕು’, ಕೊಡಲು ಉಳಿದದ್ದು ‘ಬಾಕಿ’. ಉಳಿದದ್ದು ಹೀನವೆಂದಾಗಲಿ ಉತ್ತಮವೆಂದಾಗಲಿ ಶಬ್ದದಿಂದಲೇ ನಿರ್ಣಯವಾಗದು; ಯಾರದು, ಯಾರಿಗಾಗಿ ಉಳಿದದ್ದು ಎಂಬುದರಿಂದ ನಿರ್ಣಯವಾಗುತ್ತದೆ.

ಸಂಸ್ಕೃತದಲ್ಲಿ ‘ಶಿಷ್’ ಧಾತುವಿನಿಂದ ಶೇಷ, ಅವಶೇಷ, ಪರಿಶಿಷ್ಟ, ಉಚ್ಛಿಷ್ಟ, ವಿಶೇಷ ಮುಂತಾದ ಪದಗಳು ಹುಟ್ಟಿವೆ. ‘ಶಿಷ್ಯ’ನೆಂಬ ಪದವು ಇದರಿಂದ ಬಂದುದಲ್ಲ, ಅದು ಶಾಸನಾರ್ಥದ ‘ಶಾಸ್’ ಧಾತುವಿನದು. ‘ಶಿಷ್ಟ’ವೆಂಬ ಪದವಾದರೋ ಎರಡು ಧಾತುಗಳಿಂದಲೂ ಸಿದ್ಧವಾಗುವುದರಿಂದ, ಉಳಿದದ್ದೆಂದೂ ಶಿಕ್ಷಿತನಾದ ಸಜ್ಜನನೆಂದೂ ಎರಡರ್ಥವನ್ನು ಕೊಡುತ್ತದೆ.

ಇವುಗಳಲ್ಲಿ ಕೆಲವು ಶೇಷಗಳು ತ್ಯಾಜ್ಯ. ಸಾಲ, ಬೆಂಕಿ, ಹಗೆ ಇವುಗಳ ಶೇಷವನ್ನು ಉಳಿಸಬಾರದು, ಉಳಿಸಿದರೆ ಬೆಳೆಯುತ್ತವೆ ಎಂಬುದು ಹಿರಿಯರ ನೀತಿ. ಒಬ್ಬರು ಉಂಡುಬಿಟ್ಟ ಎಂಜಲೂ ತ್ಯಾಜ್ಯವೇ. ಆದರೆ ಯಜ್ಞಶೇಷವನ್ನು ಉಣ್ಣುವ ಸಜ್ಜನರು ಪಾಪದಿಂದ ಮುಕ್ತರಾಗುತ್ತಾರೆಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಭಗವಂತನು ಹೇಳಿದ್ದಾನೆ. ಅತಿಥಿಗಳು ಮೊದಲಾದವರು ಉಂಡ ಮೇಲೆ ಉಳಿದದ್ದಕ್ಕೆ ‘ವಿಘಸ’ವೆಂದೂ, ಯಜ್ಞದಲ್ಲಿ ಉಳಿದದ್ದಕ್ಕೆ ‘ಅಮೃತ’ವೆಂದೂ ಮನುಸ್ಮೃತಿಯ ಮೂರನೆಯ ಅಧ್ಯಾಯವು ಹೆಸರಿಟ್ಟು, ಗೃಹಸ್ಥನು ಇವುಗಳನ್ನೇ ಉಣ್ಣಬೇಕೆಂದು ವಿಧಿಸುತ್ತದೆ.

ನಮ್ಮ ಸಂಪ್ರದಾಯದಲ್ಲಿ ಇದು ಪ್ರತಿದಿನವೂ ಕಾಣುವ ವಿಷಯ. ಶ್ರೀಹರಿಗೆ ನಿವೇದಿಸಿದ ಅನ್ನವೇ ತಾರತಮ್ಯಕ್ರಮದಿಂದ ಇತರ ದೇವತೆಗಳಿಗೆ ಸಲ್ಲುತ್ತದೆ. 1671ರಲ್ಲಿ ಶ್ರಾವಣ ಬಹುಳ ದ್ವಿತೀಯದಂದು ಮಂತ್ರಾಲಯದಲ್ಲಿ ವೃಂದಾವನಸ್ಥರಾದ ಶ್ರೀರಾಘವೇಂದ್ರತೀರ್ಥರ ಆರಾಧನೆಯಲ್ಲಿಯೂ ಹರಿನಿವೇದಿತವಾದುದೇ ಹಸ್ತೋದಕರೂಪದಿಂದ ಗುರುಗಳಿಗೆ ಅರ್ಪಿತವಾಗಿ, ಅನಂತರ ಭಕ್ತರ ಎಲೆಗೆ ಬರುತ್ತದೆ. ಹಿಂದಿನ ದಿನದ ಹೂವು ಬಾಡಿದ್ದರೂ ದೇವರ ಮೇಲಿಂದ ತೆಗೆದಾಗ ಕಸವಾಗುವುದಿಲ್ಲ, ನಿರ್ಮಾಲ್ಯವಾಗುತ್ತದೆ; ನಾವು ಅದನ್ನು ಕಣ್ಣಿಗೊತ್ತಿಕೊಂಡು ಧರಿಸುತ್ತೇವೆ.

ಮೀಮಾಂಸಕರು ಈ ಅರ್ಥವನ್ನು ಇನ್ನೂ ಆಳಕ್ಕೆ ಒಯ್ದಿದ್ದಾರೆ. ಜೈಮಿನಿಮುನಿಗಳ ಸೂತ್ರಗಳ ಮೂರನೆಯ ಅಧ್ಯಾಯವು ಶೇಷವಿಚಾರಕ್ಕಾಗಿಯೇ ಮೀಸಲಾಗಿದೆ. ಯಾವುದು ತನಗಾಗಿ ಇರದೆ ಮತ್ತೊಂದಕ್ಕಾಗಿ ಇರುತ್ತದೆಯೋ ಅದು ಶೇಷವೆಂಬುದು ಅಲ್ಲಿಯ ಲಕ್ಷಣ. ಧಾನ್ಯವನ್ನು ಪ್ರೋಕ್ಷಿಸುವುದು ಧಾನ್ಯಕ್ಕಾಗಿ, ಧಾನ್ಯವು ಪುರೋಡಾಶಕ್ಕಾಗಿ, ಪುರೋಡಾಶವು ಯಾಗಕ್ಕಾಗಿ. ಮನೆಯಲ್ಲಿ ಗಂಧ ತೇಯುವುದೂ ತುಳಸಿ ಬಿಡಿಸುವುದೂ ಪೂಜೆಗೆ ಶೇಷಗಳೇ. ಇಲ್ಲಿ ಶೇಷವೆಂದರೆ ಮಿಕ್ಕು ಬಿದ್ದದ್ದಲ್ಲ, ಸೇವೆಗೆ ನಿಂತದ್ದು.

ವೈಯಾಕರಣರ ‘ಏಕಶೇಷ’ವನ್ನೂ ವಾಚಕರು ಗಮನಿಸಬೇಕು. ತಾಯಿತಂದೆಗಳಿಬ್ಬರನ್ನೂ ಹೇಳಲು ‘ಮಾತಾಪಿತರೌ’ ಎನ್ನಬಹುದು. ಪಾಣಿನಿಯ ಇನ್ನೊಂದು ವಿಧಾನದಂತೆ ಮಾತೃಶಬ್ದವು ಲೋಪವಾಗಿ ಪಿತೃಶಬ್ದವೊಂದೇ ಉಳಿದು ‘ಪಿತರೌ’ ಎಂದಾಗುತ್ತದೆ. ಉಳಿದ ಪದ ಒಂದೇ. ಆದರೆ ಅದು ಏಕವಚನಕ್ಕೆ ಇಳಿಯುವುದಿಲ್ಲ. ದ್ವಿವಚನದಲ್ಲಿಯೇ ನಿಂತು, ಲೋಪವಾದ ಪದದ ಅರ್ಥವನ್ನೂ ಪೂರ್ಣವಾಗಿ ಹೇಳುತ್ತದೆ.

ಈ ನ್ಯಾಯವು ವ್ಯಾಕರಣದಲ್ಲಿಯೇ ನಿಂತುಬಿಡಬಾರದೆಂದು ನಮಗೆ ತೋರುತ್ತದೆ. ಐವತ್ತು ವರ್ಷ ಜೊತೆಗೂಡಿ ಬಾಳಿದ ದಂಪತಿಗಳಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ಅನಂತರ ಉಳಿದವರನ್ನು, ಅದರಲ್ಲಿಯೂ ಪತಿಯನ್ನು ಕಳೆದುಕೊಂಡ ತಾಯಿಯನ್ನು, ಅನೇಕ ಮನೆಗಳಲ್ಲಿ ಬಾಕಿಯಂತೆ ಕಾಣುವುದುಂಟು. ಹಬ್ಬದ ದಿನ ಆಕೆ ಒಳಕೋಣೆಯಲ್ಲಿರುತ್ತಾಳೆ. ಮಂಗಳಕಾರ್ಯದಲ್ಲಿ ಆಕೆಯ ಮಾತನ್ನು ಕೇಳುವವರಿಲ್ಲ. ಮಕ್ಕಳು ದೂರದ ಊರಿನಲ್ಲಿದ್ದರೆ ‘ಹಳ್ಳಿಯಲ್ಲಿ ಅಮ್ಮ ಒಬ್ಬಳೇ ಉಳಿದಿದ್ದಾಳೆ’ ಎಂಬಷ್ಟಕ್ಕೇ ಮಾತು ಮುಗಿಯುತ್ತದೆ. ಆದರೆ ದೇವರ ಮುಂದಿನ ದೀಪ ಆರದಂತೆ ನೋಡಿಕೊಂಡವಳು ಆಕೆ. ಮಾವನವರ ಶ್ರಾದ್ಧದ ತಿಥಿ, ಕುಲದೇವರ ಹರಕೆ, ಮನೆಯ ಆಚಾರದ ಕ್ರಮ ಆಕೆಯ ನೆನಪಿನಲ್ಲಿಯೇ ಇವೆ. ಆಕೆ ‘ಪಿತರೌ’ ಶಬ್ದದಂತೆ ಇಬ್ಬರ ಅರ್ಥವನ್ನೂ ಹೊತ್ತವಳು. ನಿರ್ಮಾಲ್ಯದ ಹೂವನ್ನು ಕಣ್ಣಿಗೊತ್ತಿಕೊಳ್ಳುವ ನಾವು, ಉಳಿದ ತಾಯಿಯನ್ನು ಅಮಂಗಳವೆಂದು ಬದಿಗೆ ಸರಿಸುವುದು ಯುಕ್ತವಲ್ಲ.

ಕಡೆಯದಾಗಿ ಮಹಾಪ್ರಳಯದ ವಿಚಾರ. ಎಲ್ಲವೂ ಲೀನವಾದಾಗ ಭಗವಂತನೊಬ್ಬನೇ ಉಳಿಯುತ್ತಾನೆಂದು ಭಾಗವತದ ದಶಮಸ್ಕಂಧದಲ್ಲಿ ದೇವಕಿಯು ಸ್ತುತಿಸುತ್ತಾಳೆ. ಹಾಗಾದರೆ ಜೀವರು ನಾಶವಾದರೇ? ಇಲ್ಲ. ಜೀವರು ಅನಾದಿನಿತ್ಯರು, ಪ್ರಳಯದಲ್ಲಿ ಹರಿಯ ಉದರದಲ್ಲಿ ರಕ್ಷಿತರಾಗಿರುತ್ತಾರೆ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಅವನು ಸ್ವತಂತ್ರನಾಗಿ ಉಳಿಯುತ್ತಾನೆ. ನಾವು ಅವನ ಅಧೀನರಾಗಿ ಉಳಿಯುತ್ತೇವೆ. ಅವನ ಹಾಸಿಗೆಯಾದ ಶೇಷದೇವರು ಹೆಸರಿನಿಂದಲೇ ಈ ಪಾಠವನ್ನು ಹೇಳುತ್ತಾರೆ: ಉಳಿದವನ ಹಿರಿಮೆಯಿರುವುದು ಸೇವೆಯಲ್ಲಿ.

ಆದುದರಿಂದ ಅವನ ಲೆಕ್ಕದಲ್ಲಿ ಯಾರೂ ಹಿಂದೆ ಬಿಟ್ಟುಹೋದವರಲ್ಲ. ಮುಂದಿನ ಹಬ್ಬದ ದಿನ ತೀರ್ಥಪ್ರಸಾದವನ್ನು ಮನೆಯಲ್ಲಿ ಉಳಿದಿರುವ ಹಿರಿಯರ ಕೈಗೆ ಮೊದಲು ಕೊಟ್ಟು, ಅನಂತರ ಉಳಿದವರು ಸ್ವೀಕರಿಸಲಿ. ಶೇಷಶಬ್ದದ ಅರ್ಥವು ಆಗ ನಮ್ಮ ಆಚರಣೆಯಲ್ಲಿಯೂ ಬಂದಂತಾಗುತ್ತದೆ.

॥ ಶ್ರೀಕೃಷ್ಣಾರ್ಪಣಮಸ್ತು ॥