ಮನೆ ಸಾಲ: ಮೊಬೈಲಿನಲ್ಲೋ, ಶಾಖೆಯಲ್ಲೋ?

ಗೆಳೆಯರೇ, ಐವಾನ್-ಎ-ಶಾಹಿ ಕಡೆ ಅಪ್ಪ ಮನೆ ಕಟ್ಟಿಸ್ತಾರೆ ಅಂದ್ಕೊಳ್ಳಿ. 20 ಲಕ್ಷ ಸಾಲ, 20 ವರ್ಷ. ಬ್ಯಾಂಕ್ ಶಾಖೆಯವರು 8.5% ಬಡ್ಡಿ ಹೇಳಿ, ಪ್ರೊಸೆಸಿಂಗ್ ಫೀ ಮಾಫಿ ಅಂತಾರೆ. ಆನ್‌ಲೈನ್‌ನವರದು 8.25%, ಆದರೆ 0.5% ಫೀ. ಯಾವುದು ಅಗ್ಗ?

ಲೆಕ್ಕ ಹಾಕೋಣ. ಫೀ 10,000 ರೂ., 18% ಜಿಎಸ್‌ಟಿ ಸೇರಿ 11,800. ತಿಂಗಳ ಕಂತು ಶಾಖೆಯಲ್ಲಿ 17,356, ಆನ್‌ಲೈನ್‌ನಲ್ಲಿ 17,041. ವ್ಯತ್ಯಾಸ 315. ದರಗಳ ಅಂತರ ಹೀಗೇ ಉಳಿದರೆ 38 ತಿಂಗಳಲ್ಲಿ ಫೀ ವಸೂಲ್. 240 ಕಂತಿಗೆ ಉಳಿತಾಯ 75,600. ಮಾಫಿ ಅನ್ನೋ ಮಾತಿಗೆ ಮರುಳಾಗಬೇಡಿ, ಮೊದಲು ಬಡ್ಡಿಯನ್ನೇ ಚೌಕಾಸಿ ಮಾಡಿ.

ಆ್ಯಪ್‌ ಜೊತೆ ಚೌಕಾಸಿ ಕಷ್ಟ. ಎದುರಿಗೆ ಕೂತ ಮ್ಯಾನೇಜರ್ ಜೊತೆ ಮಾತಾಡಬಹುದು. ಆದರೆ ಕೈಯಲ್ಲಿ ಕಾಗದ ಬೇಕು. ಆರ್‌ಬಿಐ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆಲ್ಲ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಬಡ್ಡಿ, ಫೀ ಎಲ್ಲ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು; ಅಪ್ಪನಿಗಾಗಿ ಕನ್ನಡದಲ್ಲೇ ಕೇಳಿ. ಕನಿಷ್ಠ ಮೂರು ಕೆಲಸದ ದಿನ ಆ ದರ ಊರ್ಜಿತ. ಅಷ್ಟರಲ್ಲಿ ಶಾಖೆಗೆ ಹೋಗಿ, "ಸರ್, ಅಲ್ಲಿ ಇಷ್ಟಕ್ಕ ಕೊಡ್ಲಿಕತ್ತಾರ, ನೀವೆಷ್ಟ ಕಮ್ಮಿ ಮಾಡ್ತೀರಿ?" ಅನ್ನಿ.

ಮುದ್ರಾಂಕ ಶುಲ್ಕ ಸರ್ಕಾರದ್ದು, ಅದರಲ್ಲಿ ಚೌಕಾಸಿ ನಡೆಯಲ್ಲ. ಇನ್ನೊಂದು ಮಾತು: ಫ್ಲೋಟಿಂಗ್ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ನಾಳೆ ನಮಗೆ ಸಂಬಳ ಬಂದಾಗ, ಅಪ್ಪನ ಹೆಗಲಿಂದ ಒಂದಿಷ್ಟು ಭಾರ ಇಳಿಸಬಹುದು.