ಮಡಕೆಯ ಮೂರು ಉಪಕಾರಗಳು
(ಮನೆಗೂ ಹಿತ್ತಲಿಗೂ ಅಲ್ಪವೆಚ್ಚದ ಕೈಕೆಲಸಗಳು)

ಶಿವಮೊಗ್ಗ ಎಂಬ ಹೆಸರಿಗೆ ಒಂದಕ್ಕಿಂತ ಹೆಚ್ಚು ನಿರುಕ್ತಿಗಳುಂಟು. ‘ಶಿವಮುಖ’ ಎಂಬುದು ಒಂದು. ‘ಸಿಹಿಮೊಗೆ’, ಅಂದರೆ ಸಿಹಿಯಾದ ಮಡಕೆ, ಎಂಬುದು ಮತ್ತೊಂದು. ತುಂಗೆಯ ದಡದಲ್ಲಿದ್ದ ದೂರ್ವಾಸ ಮುನಿಯ ಆಶ್ರಮದಲ್ಲಿ ಸವಿಯಾದ ಮೂಲಿಕೆಗಳು ಬೇಯುತ್ತಿದ್ದ ಮಡಕೆಯಿಂದ ಈ ಹೆಸರು ಬಂದಿತೆಂದು ಜನರು ಹೇಳುತ್ತಾರೆ. ನೆರೆಯ ಭದ್ರಾವತಿಯಾದರೋ ಕಬ್ಬಿಣದಿಂದ ಹೆಸರಾದ ಊರು. 1923ರಲ್ಲಿ ಅಲ್ಲಿನ ಊದುಕುಲುಮೆಯಿಂದ, ಇದ್ದಿಲಿನ ಉರಿಯಲ್ಲಿ ಕರಗಿದ ಬೀಡುಕಬ್ಬಿಣ ಮೊದಲಿಗೆ ಹರಿಯಿತು. ಕಬ್ಬಿಣದ ಪಾತ್ರೆ ತನ್ನೊಳಗಿನ ನೀರನ್ನು ಹೊರಬಿಡದು. ಮಣ್ಣಿನ ಮಡಕೆ ಸದಾ ಜಿನುಗುತ್ತದೆ. ಈ ಜಿನುಗುವಿಕೆ ದೋಷವೋ ಗುಣವೋ ಎಂಬುದನ್ನು ವಿವೇಚಿಸುವುದೇ ಈ ಪಾಠದ ಉದ್ದೇಶ.

ಜಿನುಗುವುದೇಕೆ?

ಕುಂಬಾರನ ಆವಿಗೆಯಲ್ಲಿ ಉಷ್ಣತೆ ಸಾಮಾನ್ಯವಾಗಿ 600ರಿಂದ 900 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಷ್ಟರಲ್ಲಿ ಜೇಡಿಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಯೇ ಹೊರತು ಕರಗಿ ಗಾಜಿನಂತಾಗುವುದಿಲ್ಲ. ಕಣಗಳ ನಡುವೆ ಸೂಕ್ಷ್ಮರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ನೀರು ಹೊರಬರುತ್ತದೆ, ಗಾಳಿಯೂ ಆಡುತ್ತದೆ. ಬಣ್ಣವನ್ನಾಗಲಿ ಮೆರುಗನ್ನಾಗಲಿ ಬಳಿದ ಮಡಕೆಯಲ್ಲಿ ಈ ರಂಧ್ರಗಳು ಮುಚ್ಚಿಹೋಗಿರುತ್ತವೆ; ಆದುದರಿಂದ ಅಂಥದು ಮುಂದಿನ ಕೆಲಸಗಳಿಗೆ ಒದಗದು.

ಮಡಕೆಯನ್ನು ಕೊಳ್ಳುವಾಗ ಬೆರಳಿನಿಂದ ಬಾರಿಸಿ ನೋಡಬೇಕು. ಕಣಕಣವೆಂದು ನಾದ ಹೊಮ್ಮಿದರೆ ಅದು ಗಟ್ಟಿಯಾದುದು. ಸದ್ದು ಮಂದವಾಗಿದ್ದರೆ ಎಲ್ಲಿಯೋ ಬಿರುಕು ಉಂಟು. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯನು ಮಡಕೆ ಬಾರಿಸಿದ ನಾದಕ್ಕೆ ಶಿವನೇ ಕುಣಿದನೆಂಬ ಕಥೆಯನ್ನು ವಿದ್ಯಾರ್ಥಿಗಳು ಇಲ್ಲಿ ನೆನೆಯಬಹುದು. ಬಿರುಕುಬಿಟ್ಟ ಮಡಕೆಯನ್ನೂ ಎಸೆಯಬೇಕಾಗಿಲ್ಲ; ಮೂರನೆಯ ಕೆಲಸಕ್ಕೆ ಅದೇ ಸಾಕು.

1. ಹೂತ ಗಡಿಗೆ

ಎರಡು ನದಿಗಳ ನಾಡಿನಲ್ಲಿಯೂ ಬೇಸಿಗೆಯಲ್ಲಿ ಹಿತ್ತಲು ಒಣಗುತ್ತದೆ. ಕೊಡದಿಂದ ಸುರಿದ ನೀರಿನಲ್ಲಿ ಬಹುಭಾಗ ಬಿಸಿಲಿಗೆ ಆವಿಯಾಗುತ್ತದೆ. ಉಳಿದುದರಲ್ಲಿ ಕಳೆಗೂ ಪಾಲು ಹೋಗುತ್ತದೆ. ಇದಕ್ಕೆ ಪರಿಹಾರ ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನದ ಕೃಷಿಪಂಡಿತ ಫಾನ್ ಷೆಂಗ್‌ಝಿಯ ಗ್ರಂಥದಲ್ಲಿಯೇ ಮಡಕೆಯನ್ನು ಹೂತು ಗಿಡಗಳಿಗೆ ನೀರುಣಿಸುವ ಕ್ರಮ ಹೇಳಲ್ಪಟ್ಟಿದೆ.

ಐದಾರು ಲೀಟರು ಹಿಡಿಯುವ, ಕಿರಿದಾದ ಬಾಯಿಯ ಗಡಿಗೆಯನ್ನು ಆರಿಸಿರಿ. ಅದಕ್ಕಿಂತ ತುಸು ಅಗಲವಾದ ಗುಂಡಿ ತೋಡಿ, ಗಡಿಗೆಯನ್ನು ಕತ್ತಿನವರೆಗೆ ಹೂಳಿರಿ. ಬಾಯಿ ನೆಲಮಟ್ಟದಿಂದ ಎರಡು ಬೆರಳು ಮೇಲಿರಲಿ. ಇಲ್ಲವಾದರೆ ಕೆಸರು ಒಳನುಗ್ಗುತ್ತದೆ. ಸುತ್ತಲೂ ಗೊಬ್ಬರ ಬೆರೆಸಿದ ಮಣ್ಣನ್ನು ತುಂಬಿ ಒತ್ತಿರಿ. ಗಡಿಗೆಯಿಂದ ಒಂದು ಗೇಣಿನೊಳಗೆ ಬದನೆ, ಟೊಮ್ಯಾಟೊ ಅಥವಾ ಹೀರೆಯ ನಾಲ್ಕೈದು ಸಸಿಗಳನ್ನು ನೆಡಿರಿ. ಬೇರೂರುವವರೆಗೆ ಮೇಲಿನಿಂದಲೂ ಸ್ವಲ್ಪ ನೀರು ಹಾಕಬೇಕು.

ಮಣ್ಣು ಒಣಗಿದಂತೆಲ್ಲ ಗಡಿಗೆಯಿಂದ ನೀರನ್ನು ಹೀರಿಕೊಳ್ಳುತ್ತದೆ. ಮಣ್ಣು ತೇವಗೊಂಡಾಗ ಜಿನುಗುವಿಕೆ ತಾನಾಗಿಯೇ ನಿಧಾನವಾಗುತ್ತದೆ. ಎರಡು ಮೂರು ದಿನಗಳಿಗೊಮ್ಮೆ ತುಂಬಿದರೆ ಸಾಕು. ದೂರದಿಂದ ಕೊಡ ಹೊತ್ತು ತರುವ ತಾಯಂದಿರ ಶ್ರಮ ಇದರಿಂದ ಎಷ್ಟು ಕಡಿಮೆಯಾಗುವುದೆಂಬುದನ್ನು ಊಹಿಸಿರಿ. ಎರಡು ಎಚ್ಚರಿಕೆಗಳು ಅವಶ್ಯ. ಬಾಯಿಯನ್ನು ಬಿಗಿಯಾಗಿ ಮುಚ್ಚಿರಬೇಕು, ಏಕೆಂದರೆ ಡೆಂಗಿಯನ್ನು ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಸಾಬೂನಿನ ನೀರನ್ನು ತುಂಬಬಾರದು, ರಂಧ್ರಗಳು ಕಟ್ಟಿಕೊಳ್ಳುತ್ತವೆ.

2. ಜೋಡುಮಡಕೆಯ ತಂಪುಪೆಟ್ಟಿಗೆ

ದೊಡ್ಡ ಮಡಕೆಯ ತಳದಲ್ಲಿ ಎರಡು ಅಂಗುಲ ಮರಳು ಹರಡಿ, ಅದರೊಳಗೆ ಚಿಕ್ಕ ಮಡಕೆಯನ್ನು ಇರಿಸಿರಿ. ನಡುವಣ ತೆರಪಿಗೂ ಮರಳು ತುಂಬಿ ನೀರು ಚಿಮುಕಿಸಿರಿ. ಒಳಮಡಕೆಯಲ್ಲಿ ಸೊಪ್ಪು ತರಕಾರಿಗಳನ್ನಿಟ್ಟು ಒದ್ದೆಬಟ್ಟೆಯಿಂದ ಮುಚ್ಚಿ, ನೆರಳಿನಲ್ಲಿ, ಗಾಳಿಯಾಡುವೆಡೆಯಲ್ಲಿ ಸ್ಥಾಪಿಸಿರಿ. ಮುಂಜಾನೆ ಸಂಜೆ ಮರಳನ್ನು ತೋಯಿಸಿರಿ.

ಒಂದು ಗ್ರಾಮು ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಹೊರಮೈಯಿಂದ ಹೋಗುವ ನೀರು ಆ ಶಾಖವನ್ನು ಮಡಕೆಯಿಂದಲೇ ಕಿತ್ತೊಯ್ಯುವುದರಿಂದ ಒಳಗೆ ತಂಪುಂಟಾಗುತ್ತದೆ. ಇದೇ ತತ್ತ್ವವನ್ನು ಆಧರಿಸಿ ನವದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು 1980ರ ದಶಕದಲ್ಲಿ ಇಟ್ಟಿಗೆಯ ಜೋಡುಗೋಡೆಗಳ ನಡುವೆ 7.5 ಸೆಂಟಿಮೀಟರು ಮರಳು ತುಂಬಿದ, ವಿದ್ಯುತ್ತು ಬೇಡದ ಶೀತಲ ಕೋಣೆಯನ್ನು ರೂಪಿಸಿತು. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಈ ಸಾಧನ ಹೆಚ್ಚು ಫಲಿಸದು. ಇದು ಒಣ ಬೇಸಿಗೆಯ ಸಂಗಾತಿ. ಹಾಲು, ಬೇಯಿಸಿದ ಅಡಿಗೆಗಳನ್ನು ಇದರಲ್ಲಿ ಇಡತಕ್ಕದ್ದಲ್ಲ.

3. ಗೊಬ್ಬರದ ಮಡಕೆ

ತ್ಯಾಜ್ಯವನ್ನು ಗೊಬ್ಬರವಾಗಿಸುವ ಶಾಸ್ತ್ರಕ್ಕೆ ನಮ್ಮ ನಾಡಿನ ಕೊಡುಗೆಯೂ ಉಂಟು. ಡಾ. ಸಿ. ಎನ್. ಆಚಾರ್ಯರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರೂಪಿಸಿದ ಗುಂಡಿಗೊಬ್ಬರದ ಕ್ರಮವು ‘ಬೆಂಗಳೂರು ಪದ್ಧತಿ’ ಎಂದೇ ಪ್ರಸಿದ್ಧವಾಗಿದೆ. ಗುಂಡಿ ತೋಡಲು ಸ್ಥಳವಿಲ್ಲದವರಿಗೆ ಮಡಕೆಯೇ ಗತಿ.

ಹಳೆಯ ಮಡಕೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮೊಳೆಯಿಂದ ಮೆಲ್ಲನೆ ತಿರುವುತ್ತ ತಳದಲ್ಲಿಯೂ ಪಕ್ಕಗಳಲ್ಲಿಯೂ ಆರೇಳು ರಂಧ್ರ ಮಾಡಿರಿ. ತಳಕ್ಕೆ ತೆಂಗಿನ ನಾರು ಹಾಸಿರಿ. ದಿನವೂ ತರಕಾರಿ ಸಿಪ್ಪೆಯನ್ನು ಹಾಕಿ, ಅದರ ಮೇಲೆ ಅಷ್ಟೇ ತರಗೆಲೆ ಅಥವಾ ಮರದ ಹೊಟ್ಟನ್ನು ಹರಡಿರಿ. ಹಸಿಯಾದುದರಲ್ಲಿ ಸಾರಜನಕವೂ ಒಣಗಿದುದರಲ್ಲಿ ಇಂಗಾಲವೂ ಹೆಚ್ಚು. ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ದೊರೆತರೆ ಸೂಕ್ಷ್ಮಜೀವಿಗಳು ಚುರುಕಾಗಿ ದುಡಿಯುತ್ತವೆ. ದುರ್ವಾಸನೆ ಬಂದರೆ ನೀರು ಹೆಚ್ಚಾಯಿತೆಂದು ತಿಳಿದು ತರಗೆಲೆ ಬೆರೆಸಿ ಕದಡಿರಿ. ಹಿಂಡಿದ ಬಟ್ಟೆಯಷ್ಟು ತೇವ ಸಾಕು. ಅಡಿಕೆಯ ಸಿಪ್ಪೆ ಕೊಳೆಯುವುದು ನಿಧಾನವಾದುದರಿಂದ ಚೂರುಮಾಡಿ, ಮಿತವಾಗಿ ಹಾಕಿರಿ. ತುಂಬಿದ ಮಡಕೆಯನ್ನು ಮೂರು ತಿಂಗಳು ಮುಚ್ಚಿಟ್ಟರೆ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ದೊರೆಯುತ್ತದೆ.

ಉಪಸಂಹಾರ

ಈ ಮೂರು ಕೆಲಸಗಳು ಒಂದನ್ನೊಂದು ಪೋಷಿಸುತ್ತವೆ. ಮೂರನೆಯ ಮಡಕೆಯ ಗೊಬ್ಬರ ಮೊದಲನೆಯ ಮಡಕೆಯ ಸುತ್ತಣ ಮಣ್ಣಿಗೆ. ಅಲ್ಲಿ ಬೆಳೆದ ಕಾಯಿ ಎರಡನೆಯ ಮಡಕೆಗೆ. ಜಿನುಗುವ ಗುಣವೊಂದೇ ಈ ಎಲ್ಲಕ್ಕೂ ಮೂಲ. ಪ್ಲಾಸ್ಟಿಕ್ಕಿನ ಕೊಡವಾಗಲಿ ಉಕ್ಕಿನ ಡಬ್ಬಿಯಾಗಲಿ ಈ ಕೆಲಸವನ್ನು ಮಾಡಲಾರದು. ಸಂತೆಯಲ್ಲಿ ಗಿರಾಕಿಗಾಗಿ ಕಾದು ಕುಳಿತ ಕುಂಬಾರನಿಂದ ನಾವು ನಾಲ್ಕು ಮಡಕೆ ಕೊಂಡರೆ, ನಮ್ಮ ಹಿತ್ತಲು ಹಸಿರಾಗುವುದರ ಜೊತೆಗೆ ಅವನ ತಿಗರಿಯೂ ತಿರುಗುತ್ತಿರುತ್ತದೆ. ಕೊಳ್ಳುವವರಿಲ್ಲದೆ ಆ ತಿಗರಿ ನಿಂತರೆ ಅವನ ಮಕ್ಕಳು ಆ ವಿದ್ಯೆಯನ್ನು ಕಲಿಯುವುದಿಲ್ಲ. ಕೈಯಿಂದ ಕೈಗೆ ಬಂದ ವಿದ್ಯೆಯನ್ನು ಪುಸ್ತಕ ಓದಿ ಮರಳಿ ಪಡೆಯುವುದು ಸುಲಭವಲ್ಲ.

ಅಭ್ಯಾಸ

1. ಹೂತ ಗಡಿಗೆಗೆ ಪ್ರತಿ ಸಲ ಎಷ್ಟು ಲೀಟರು ನೀರು ಹಿಡಿಯಿತೆಂದು ಒಂದು ತಿಂಗಳು ಬರೆದಿಡಿರಿ. ಮಳೆ ಬಂದ ದಿನಗಳಲ್ಲಿ ಏನು ವ್ಯತ್ಯಾಸ ಕಂಡುಬಂದಿತು?
2. ಒಂದೇ ದಿನ ಕಿತ್ತ ಸೊಪ್ಪಿನ ಎರಡು ಕಟ್ಟುಗಳಲ್ಲಿ ಒಂದನ್ನು ಜೋಡುಮಡಕೆಯಲ್ಲಿಯೂ ಇನ್ನೊಂದನ್ನು ಹೊರಗೂ ಇಟ್ಟು, ಯಾವುದು ಎಷ್ಟು ದಿನ ಬಾಡದೆ ಉಳಿಯುವುದೆಂದು ಪರೀಕ್ಷಿಸಿರಿ.
3. ನಿಮ್ಮ ಊರಿನ ಕುಂಬಾರರನ್ನು ಕಂಡು, ಅವರು ಮಣ್ಣನ್ನು ಹದಗೊಳಿಸುವ ಬಗೆಯನ್ನು ಕೇಳಿ ತಿಳಿದು ಬರೆಯಿರಿ.