ಶಟಲ್ ಬ್ಯಾಟ್‌ನ ಭಾಗಗಳನ್ನು ತಿಳಿಯೋಣ



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಬಗ್ಗೆ ನಾವು ಮಾತಾಡುತ್ತೇವೆ. ಮಕ್ಕಳ ಆಟದ ಸಾಮಾನಿನ ಬಗ್ಗೆ ಮಾತಾಡೋದು ಕಡಿಮೆ. ಮಗಳು ಶಟಲ್ ಬ್ಯಾಟ್ ಕೇಳಿದರೆ ಅಂಗಡಿಯವರು ಕೊಟ್ಟದ್ದನ್ನು ತರುತ್ತೇವೆ. ಒಂದು ಎಳೆ ಕಡಿದರೆ "ಬ್ಯಾಟ್ ಹೋಯ್ತು" ಎಂದು ಮೂಲೆಗೆ ಹಾಕುತ್ತೇವೆ. ಎಷ್ಟೋ ಸಲ ಅಲ್ಲಿಗೆ ಅವಳ ಆಟವೂ ನಿಂತುಹೋಗುತ್ತದೆ. ಭಾಗಗಳ ಪರಿಚಯ ಇದ್ದರೆ ಯಾವುದು ರಿಪೇರಿ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನಾವೇ ಹೇಳಬಹುದು.

1. ಫ್ರೇಮ್: ಮೊಟ್ಟೆಯಾಕಾರದ ಚೌಕಟ್ಟು. ಅಗ್ಗದ ಬ್ಯಾಟ್‌ಗಳಲ್ಲಿ ಇದು ಉಕ್ಕು ಅಥವಾ ಅಲ್ಯೂಮಿನಿಯಂ. ಹೆಚ್ಚು ಬೆಲೆಯದರಲ್ಲಿ ಗ್ರಾಫೈಟ್. ಉಕ್ಕಿನದು ಭಾರ, ಆದರೆ ಪೆಟ್ಟು ತಡೆಯುತ್ತದೆ. ಗ್ರಾಫೈಟ್ ಬ್ಯಾಟ್ ಹಗುರ, ಹೆಚ್ಚಿನವು 80ರಿಂದ 90 ಗ್ರಾಂ. ಆದರೆ ನೆಲಕ್ಕೆ ಬಡಿದರೆ ಬಿರುಕು ಬಿಡಬಹುದು. ಬಿರುಕು ಬಿಟ್ಟ ಫ್ರೇಮ್‌ಗೆ ಮತ್ತೆ ದುಡ್ಡು ಸುರಿಯುವುದು ಬೇಡ.

2. ಗಟ್: ಫ್ರೇಮ್‌ನಲ್ಲಿ ಜಾಲರಿಯಂತೆ ಹೆಣೆದ ಎಳೆಗಳು. ಹಿಂದೆ ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದರು, ಹೆಸರು ಬಂದದ್ದು ಅದರಿಂದಲೇ. ಈಗ ನೈಲಾನ್. ಇದರ ಬಿಗಿಯನ್ನು ಪೌಂಡ್ ಲೆಕ್ಕದಲ್ಲಿ ಹೇಳುತ್ತಾರೆ. ಕಲಿಯುವ ಮಕ್ಕಳಿಗೆ 18ರಿಂದ 22 ಪೌಂಡ್ ಸಾಕು. ಕಡಿದ ಗಟ್ಟನ್ನು ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಹೊಸದಾಗಿ ಹಾಕಿಸಬಹುದು. ಒಂದು ಎಳೆ ಕಡಿದ ಕೂಡಲೇ ನಡುವಿನಿಂದ ಶುರುಮಾಡಿ ಉಳಿದ ಎಳೆಗಳನ್ನೂ ಕತ್ತರಿಸಿಬಿಡಿ. ಇಲ್ಲದಿದ್ದರೆ ಒಂದು ಕಡೆಯ ಎಳೆತಕ್ಕೆ ಫ್ರೇಮ್ ಸೊಟ್ಟಗಾಗಬಹುದು.

3. ಗ್ರೊಮೆಟ್: ಫ್ರೇಮ್‌ನ ತೂತುಗಳಲ್ಲಿರುವ ಸಣ್ಣ ಪ್ಲಾಸ್ಟಿಕ್ ನಳಿಗೆಗಳು. ತೂತಿನ ಅಂಚಿಗೆ ಉಜ್ಜಿ ಗಟ್ ಕಡಿಯದಂತೆ ಇವು ಕಾಪಾಡುತ್ತವೆ. ಗಟ್ ಹಾಕಿಸುವಾಗ ಒಡೆದಿರುವ ಗ್ರೊಮೆಟ್‌ಗಳನ್ನೂ ಬದಲಿಸಲು ಹೇಳಿ.

4. ಶಾಫ್ಟ್: ಫ್ರೇಮ್ ಮತ್ತು ಹಿಡಿಯ ನಡುವಿನ ತೆಳು ಕೋಲು. ಕೊಳ್ಳುವಾಗ ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಫ್ರೇಮ್ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಜೋಡಣೆ ಸಡಿಲವಾಗಿ ತಿರುಗಿದರೆ ಅಂಥ ಬ್ಯಾಟ್ ಬೇಡ.

5. ಹಿಡಿ ಮತ್ತು ಗ್ರಿಪ್: ಹಿಡಿಯ ಮೇಲೆ ಸುತ್ತಿದ ಪಟ್ಟಿಯೇ ಗ್ರಿಪ್. ಬೆವರಿಗೆ ಹಾಳಾದರೆ ಮನೆಯಲ್ಲೇ ಬಿಚ್ಚಿ ಹೊಸದು ಸುತ್ತಬಹುದು. ಹಿಡಿ ತುಂಬಾ ದಪ್ಪವಿದ್ದರೆ ಸಣ್ಣ ಕೈಗೆ ಸಿಗುವುದಿಲ್ಲ. ಆದ್ದರಿಂದ ಮಗುವನ್ನೇ ಅಂಗಡಿಗೆ ಕರೆದುಕೊಂಡು ಹೋಗಿ.

ನಿಯಮದ ಪ್ರಕಾರ ಬ್ಯಾಟ್‌ನ ಒಟ್ಟು ಉದ್ದ 68 ಸೆಂ.ಮೀ., ಅಗಲ 23 ಸೆಂ.ಮೀ. ಮೀರಬಾರದು. ಚಿಕ್ಕ ಮಕ್ಕಳಿಗೆ ಗಿಡ್ಡ ಬ್ಯಾಟ್‌ಗಳೂ ಸಿಗುತ್ತವೆ.

ನೆನಪಿಡೋಣ: ಗಟ್, ಗ್ರೊಮೆಟ್, ಗ್ರಿಪ್ ಹೋದರೆ ಬದಲಿಸೋಣ. ಫ್ರೇಮ್ ಅಥವಾ ಶಾಫ್ಟ್ ಮುರಿದರೆ ಮಾತ್ರ ಹೊಸದು ಕೊಳ್ಳೋಣ.

ಸಭೆಯಲ್ಲಿ ಚರ್ಚಿಸೋಣ
• ನಮ್ಮ ಮನೆಗಳಲ್ಲಿ ಮೂಲೆ ಸೇರಿದ ಬ್ಯಾಟ್‌ಗಳು ಎಷ್ಟಿವೆ? ಕೆಟ್ಟಿರುವ ಭಾಗ ಯಾವುದು?
• ಎಲ್ಲವನ್ನೂ ಒಟ್ಟಿಗೆ ಪೇಟೆಗೆ ಒಯ್ದು ಗಟ್ ಹಾಕಿಸುವ ಜವಾಬ್ದಾರಿ ಯಾರು ತೆಗೆದುಕೊಳ್ಳುತ್ತೀರಿ?
• ಮಗನಿಗೆ ಬ್ಯಾಟ್ ಕೊಡಿಸುವ ನಾವು ಮಗಳಿಗೂ ಕೊಡಿಸುತ್ತೇವೆಯೇ? ಸಂಜೆ ಅರ್ಧ ಗಂಟೆ ನಾವೂ ಯಾಕೆ ಆಡಬಾರದು?